ಮೊದಲು ಆಟ, ಆಮೇಲೆ ಪಿಸಿ

ಭಾಗ 1/10 | ಪ್ರಶ್ನೆನೇ ತಲೆಕೆಳಗಾಗಿದೆ

ಸೆಮಿಸ್ಟರ್ ರಜೆ ಹತ್ತಿರ ಬಂತು ಅಂದ್ರೆ ಇನ್‌ಬಾಕ್ಸ್ ತುಂಬ ಒಂದೇ ಪ್ರಶ್ನೆ. "ಪಿಎಸ್2 ಗೇಮ್ಸ್ ಎಮ್ಯುಲೇಟರ್‌ನಲ್ಲಿ ಆಡ್ಬೇಕು, ಬಜೆಟ್ ಕಮ್ಮಿ, ಯಾವ ಗೇಮಿಂಗ್ ಪಿಸಿ ತಗೊಳ್ಲಿ?" ಕ್ಲಾಸಲ್ಲಿ ಹಿಂದಿನ ಬೆಂಚಿಂದಾನೂ ಅದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡೋ ಬದಲು ಹತ್ತು ಪೋಸ್ಟ್‌ನಲ್ಲಿ ಪೂರ್ತಿ ಬರೀತಿದೀನಿ. ಸೇವ್ ಮಾಡಿಟ್ಕೊಳ್ಳಿ, ಅಂಗಡಿಗೆ ಹೋಗೋ ದಿನ ತೆಗೆದು ಓದಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೇ ಕನ್ಸೋಲ್ ಆಟಗಳನ್ನ ಎಮ್ಯುಲೇಟರ್‌ನಲ್ಲಿ ಆಡೋಕೆ "ಗೇಮಿಂಗ್ ಪಿಸಿ" ಅಂತ ಬೋರ್ಡ್ ಹಾಕಿ ಮಾರೋ ಬಣ್ಣದ ಲೈಟಿನ ಡಬ್ಬ ನಿಮಗೆ ಬೇಕಾಗಿಲ್ಲ. ಯಾವುದೋ ಆಫೀಸಿಂದ ಹೊರಗೆ ಬಂದ, ನೋಡೋಕೆ ಕಪ್ಪು ಟ್ರಂಕಿನ ಹಾಗಿರೋ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಸಾಕು. ಉಳಿದ ದುಡ್ಡನ್ನ ಕೈಯಲ್ಲಿ ಹಿಡಿಯೋ ಕಂಟ್ರೋಲರ್‌ಗೆ ಹಾಕಿ.

ಇದನ್ನ ಇಷ್ಟು ಜೋರಾಗಿ ಯಾಕೆ ಹೇಳ್ತಿದೀನಿ ಗೊತ್ತಾ? ಮನೇಲಿ ಕಂಪ್ಯೂಟರ್ ವಿಷಯ ಬಂದ್ರೆ ನಾವೇ ತಜ್ಞರು. ಅಪ್ಪ, ಅಮ್ಮ "ನಿನಗೆ ಗೊತ್ತಲ್ಲಪ್ಪ, ನೀನೇ ನೋಡು" ಅಂತಾರೆ. ಅವರು ದುಡ್ಡು ಕೊಡೋದು, ಇಲ್ಲಾ ಇಎಂಐಗೆ ಸಹಿ ಹಾಕೋದು, ನಮ್ಮ ಮಾತನ್ನ ನಂಬಿ. ಆ ನಂಬಿಕೆನ ಒಂದು ಸ್ಟಿಕ್ಕರ್ ನೋಡಿ ಖರ್ಚು ಮಾಡಬಾರದು, ಅಷ್ಟೇ.

ಭಾಗ 2/10 | ಎಮ್ಯುಲೇಟರ್ ಒಳಗೆ ಏನು ನಡೆಯುತ್ತೆ

ಇದೊಂದು ಅರ್ಥ ಆದ್ರೆ ಉಳಿದ ಎಂಟು ಭಾಗ ನೀವೇ ಬರೀಬಹುದು.

ಪಿಎಸ್2 ಚಿಪ್ ಅರ್ಥ ಮಾಡ್ಕೊಳ್ಳೋ ಭಾಷೆ ಬೇರೆ, ನಿಮ್ಮ ಪಿಸಿಯ ಪ್ರೊಸೆಸರ್ ಭಾಷೆ ಬೇರೆ. ಮಧ್ಯದಲ್ಲಿ ನಿಂತ ದುಭಾಷಿಯೇ ಎಮ್ಯುಲೇಟರ್. ಆಟ ಒಂದು ಮಾತು ಹೇಳುತ್ತೆ, ಇದು ಅನುವಾದ ಮಾಡುತ್ತೆ, ಪಿಸಿ ಕೆಲಸ ಮಾಡುತ್ತೆ. ಸೆಕೆಂಡಿಗೆ 60 ಫ್ರೇಮ್ ಅಂದ್ರೆ ಒಂದು ಫ್ರೇಮ್‌ಗೆ ಸಿಗೋದು ಸುಮಾರು 16.7 ಮಿಲಿಸೆಕೆಂಡ್. ಅಷ್ಟರೊಳಗೆ ಅನುವಾದ ಮುಗೀಲಿಲ್ಲ ಅಂದ್ರೆ ಆಟ ಎಳೆಯುತ್ತೆ, ಸದ್ದು ಚಟಪಟ ಅನ್ನುತ್ತೆ.

ಈ ಅನುವಾದದ ಕೆಲಸವನ್ನ ಹತ್ತು ಜನಕ್ಕೆ ಹಂಚೋಕೆ ಆಗಲ್ಲ. ಒಂದು ಸಾಲು ಮುಗಿದ ಮೇಲೇ ಮುಂದಿನ ಸಾಲು. ಒಂದೇ ಕಾವಲಿ ಇದ್ದಾಗ ಎಂಟು ಜನ ಭಟ್ರು ನಿಂತ್ರೂ ದೋಸೆ ಒಂದೊಂದೇ ಏಳೋದು. ಅಲ್ಲಿ ಬೇಕಾಗಿರೋದು ಚುರುಕು ಕೈಯ ಒಬ್ಬ ಭಟ್ಟ. ಪಿಎಸ್2ಗೆ ಇರೋ ಪಿಸಿಎಸ್‌ಎಕ್ಸ್2 ಎಮ್ಯುಲೇಟರ್ ಕೆಲಸವನ್ನ ಮುಖ್ಯವಾಗಿ ಎರಡು ಮೂರು ಪಾಲು ಮಾಡ್ಕೊಳ್ಳುತ್ತೆ. ಹಾಗಾಗಿ ನಾಲ್ಕು ಚುರುಕಾದ ಕೋರ್ ಸಾಕು, ಹದಿನಾರು ಮಂದಗತಿಯ ಕೋರ್ ದಂಡ.

"ಹಳೇ ಯಂತ್ರ ತಾನೆ, ಎಷ್ಟು ಕಷ್ಟ ಇರುತ್ತೆ?" ಅನ್ನೋರಿಗೆ ಒಂದು ಲೆಕ್ಕ. ಸೂಪರ್ ನಿಂಟೆಂಡೊ ಪ್ರೊಸೆಸರ್‌ನ ಗರಿಷ್ಠ ವೇಗ 3.58 ಮೆಗಾಹರ್ಟ್ಸ್. ಅದನ್ನ ಒಂದು ಕೂದಲೆಳೆ ವ್ಯತ್ಯಾಸ ಇಲ್ಲದ ಹಾಗೆ ನಕಲು ಮಾಡೋಕೆ 3 ಗಿಗಾಹರ್ಟ್ಸ್ ಪಿಸಿ ಬೇಕು ಅಂತ 2011ರಲ್ಲಿ ಬಿಎಸ್‌ಎನ್‌ಇಎಸ್ ಎಮ್ಯುಲೇಟರ್ ಬರೆದವರೇ ಲೇಖನ ಬರೆದಿದ್ದರು. ಹತ್ತಿರ ಹತ್ತಿರ ಎಂಟುನೂರು ಪಟ್ಟು ವೇಗ! ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ ಅದೇ ಆಟ ಮೊಬೈಲಲ್ಲೂ ಓಡುತ್ತೆ, ಅದು ಬೇರೆ ಮಾತು.

ಗ್ರಾಫಿಕ್ಸ್ ಕಾರ್ಡ್ ಕೆಲಸ ಏನು ಹಾಗಾದ್ರೆ? ಚಿತ್ರವನ್ನ ದೊಡ್ಡದಾಗಿ, ಚೊಕ್ಕವಾಗಿ ಬಿಡಿಸೋದು. ದುಭಾಷಿನೇ ತಡವರಿಸ್ತಿದ್ರೆ ಆ ಕಾರ್ಡ್ ಎಷ್ಟು ದುಬಾರಿ ಆದ್ರೂ ಸುಮ್ನೆ ಕಾಯ್ತಾ ಕೂರುತ್ತೆ.

ಭಾಗ 3/10 | ನಿಮ್ಮ ಮೂರು ಆಟ ಯಾವುವು?

ಈಗ ನೋಟ್ಸ್ ಆಪ್ ತೆಗೆದು, ನೀವು ನಿಜವಾಗಲೂ ಆಡಬೇಕು ಅಂದ್ಕೊಂಡಿರೋ ಮೂರು ಆಟದ ಹೆಸರು ಬರೀರಿ. "ಎಲ್ಲಾನೂ" ಅಂತ ಬರೀಬೇಡಿ. ಆಮೇಲೆ ಅವು ಯಾವ ಮೆಟ್ಟಿಲಲ್ಲಿವೆ ನೋಡಿ.

ಮೆಟ್ಟಿಲು 1: ಕಾಂಟ್ರಾ, ಮಾರಿಯೋ ಕಾಲದ 8-ಬಿಟ್, ಸೂಪರ್ ನಿಂಟೆಂಡೊ, ಗೇಮ್ ಬಾಯ್ ಅಡ್ವಾನ್ಸ್, ಹಳೇ ಆರ್ಕೇಡ್. ಅಣ್ಣಂದಿರು ವಿಡಿಯೋ ಗೇಮ್ ಅಂಗಡೀಲಿ ಕಾಯಿನ್ ಹಾಕಿ ಆಡ್ತಿದ್ದ "ಮುಸ್ತಫಾ" ಗೇಮ್ ಇಲ್ಲೇ ಬರೋದು. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್, 1993. ಇವಕ್ಕೆಲ್ಲ ಹೊಸ ಪಿಸಿ ಯಾಕೆ? ಇರೋ ಯಾವ ಕಂಪ್ಯೂಟರ್ ಆದ್ರೂ ನಡೆಯುತ್ತೆ.

ಮೆಟ್ಟಿಲು 2: ಪಿಎಸ್1 ಮತ್ತು ಪಿಎಸ್‌ಪಿ. ಡಕ್‌ಸ್ಟೇಷನ್, ಪಿಪಿಎಸ್‌ಎಸ್‌ಪಿಪಿ ಎರಡೂ ತುಂಬ ಹಗುರ. ಸಾಧಾರಣ ಫೋನಲ್ಲೂ ಆಡಬಹುದು.

ಮೆಟ್ಟಿಲು 3: ಪಿಎಸ್2, ಗೇಮ್‌ಕ್ಯೂಬ್, ವೀ. ಬಜೆಟ್ ಪಿಸಿಗೆ ಅರ್ಥ ಬರೋದು ಇಲ್ಲೇ. ಈ ಸರಣಿ ಬರೀತಿರೋದೂ ಮುಖ್ಯವಾಗಿ ಇವರಿಗೇ.

ಮೆಟ್ಟಿಲು 4: ಪಿಎಸ್3. ಅದರ ಸೆಲ್ ಚಿಪ್‌ನಲ್ಲಿ ಒಂದು ಮುಖ್ಯ ಕೋರ್, ಜೊತೆಗೆ ಆಟಗಳಿಗೆ ಅಂತಾನೇ ಆರು ಸಹಾಯಕ ಕೋರ್. ಅಷ್ಟನ್ನೂ ಒಟ್ಟಿಗೆ ಅನುವಾದ ಮಾಡೋಕೆ ಕೋರ್ ಸಂಖ್ಯೆನೂ ಬೇಕು, ವೇಗಾನೂ ಬೇಕು. ಕಮ್ಮಿ ದುಡ್ಡಲ್ಲಿ ಇದನ್ನ ಆಸೆ ಪಡಬೇಡಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ.

ಈಗ ಮುಖ್ಯ ಮಾತು. ಮನೇಲಿ ಈಗಾಗಲೇ ಲ್ಯಾಪ್‌ಟಾಪ್ ಇದ್ರೆ ಮೊದಲು ಅದರಲ್ಲೇ ಪರೀಕ್ಷೆ ಮಾಡಿ. ಚಾರ್ಜರ್ ಹಾಕಿಟ್ಟೇ ನೋಡಿ, ಬ್ಯಾಟರೀಲಿ ವೇಗ ಇಳಿಯುತ್ತೆ. ಪಿಸಿಎಸ್‌ಎಕ್ಸ್2 ಪರದೆ ಮೇಲೆ ವೇಗ, ಪ್ರೊಸೆಸರ್ ಬಳಕೆ, ಗ್ರಾಫಿಕ್ಸ್ ಬಳಕೆ ಎಲ್ಲಾನೂ ಶೇಕಡಾ ಲೆಕ್ಕದಲ್ಲಿ ತೋರಿಸೋ ಸೆಟ್ಟಿಂಗ್ ಇದೆ. ಇಇ ಅನ್ನೋ ಅಂಕಿ ನೂರರ ಹತ್ತಿರ ಹೋಗಿ ಆಟ ಎಳೆದ್ರೆ ಪ್ರೊಸೆಸರ್ ಸಾಲದು. ಗ್ರಾಫಿಕ್ಸ್ ಅಂಕಿ ಮಾತ್ರ ನೂರು ಮುಟ್ಟಿದ್ರೆ ರೆಸಲ್ಯೂಷನ್ ಒಂದು ಹಂತ ಇಳಿಸಿ. ಅಲ್ಲಿಗೆ ಸಮಸ್ಯೆ ಮುಗೀತು ಅಂದ್ರೆ ನಿಮಗೆ ಪಿಸಿನೇ ಬೇಡ, ನೇರ ಭಾಗ 7ಕ್ಕೆ ಹೋಗಿ.

ಭಾಗ 4/10 | ಮೇಲೆ ತಳುಕು, ಒಳಗೆ ಹುಳುಕು

ಕಮ್ಮಿ ಬೆಲೆಯ "ಗೇಮಿಂಗ್ ಪಿಸಿ" ಜಾಹೀರಾತುಗಳಲ್ಲಿ ಮತ್ತೆ ಮತ್ತೆ ಕಾಣೋ ಐದು ಬಲೆ.

ಬಲೆ 1, ಬರೀ "ಐ7". ಎಷ್ಟನೇ ತಲೆಮಾರು ಅಂತ ಹೇಳಲ್ಲ. ಐ7-870 ಬಂದಿದ್ದು 2009ರಲ್ಲಿ. 2022ರ ಐ3-12100 ಮುಂದೆ ಅದು ತಾತ. ಹೆಸರಲ್ಲಿ 7 ಇದೆ ಅಂತ 3ಕ್ಕಿಂತ ಚುರುಕು ಅಂದ್ಕೋಬೇಡಿ. ಪೂರ್ತಿ ಮಾಡೆಲ್ ನಂಬರ್ ಕೇಳಿ. ಹೇಳಲಿಲ್ಲ ಅಂದ್ರೆ ನಮಸ್ಕಾರ ಹೇಳಿ ಹೊರಡಿ.

ಬಲೆ 2, "8 ಕೋರ್ 16 ಥ್ರೆಡ್ ಝಿಯಾನ್". ಸರ್ವರ್‌ಗಳಿಂದ ಕಿತ್ತ ಹಳೇ ಚಿಪ್, ಎಕ್ಸ್79 ಅನ್ನೋ ಬೋರ್ಡ್ ಮೇಲೆ ಕೂರಿಸಿರ್ತಾರೆ. ಇವೇ ಆ ಎಂಟು ಜನ ನಿಧಾನದ ಭಟ್ರು. ಜೊತೆಗೆ ಆ ಕಾಲದ ಚಿಪ್‌ಗಳಿಗೆ ಎವಿಎಕ್ಸ್2 ಅನ್ನೋ ಆದೇಶಗಳ ಗುಂಪು ಗೊತ್ತಿಲ್ಲ. ಎಮ್ಯುಲೇಟರ್‌ಗಳು ಅದನ್ನ ಚೆನ್ನಾಗಿ ಬಳಸ್ಕೊಳ್ತವೆ. ಇಂಟೆಲ್ ಕೋರ್ ಸರಣಿಗೆ ಅದು ಬಂದಿದ್ದು 2013ರ ನಾಲ್ಕನೇ ತಲೆಮಾರಿಂದ.

ಬಲೆ 3, "4 ಜಿಬಿ ಗ್ರಾಫಿಕ್ಸ್ ಕಾರ್ಡ್". ಡಿಡಿಆರ್3 ಮೆಮೊರಿಯ ಜಿಟಿ 730ನಲ್ಲೂ 4 ಜಿಬಿ ಇರುತ್ತೆ. ಬಾವಿ ದೊಡ್ಡದು, ಹಗ್ಗ ಮಾತ್ರ ಗೇಣುದ್ದ. ಮೆಮೊರಿ ಎಷ್ಟು ಅನ್ನೋದಲ್ಲ, ಕಾರ್ಡ್ ಯಾವುದು ಅನ್ನೋದು ಮುಖ್ಯ.

ಬಲೆ 4, ಹೆಸರಿನ ಕೊನೆಯ "ಎಫ್". ಐ3-12100ಎಫ್ ಒಳ್ಳೇ ಚಿಪ್ಪೇ. ಆದ್ರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡ್ ಹಾಕದೆ ಪರದೆ ಬೆಳಗಲ್ಲ. ರೈಝನ್ 5 5600 ಮತ್ತು 5600ಜಿ ನಡುವೆಯೂ ಇದೇ ವ್ಯತ್ಯಾಸ: ಜಿ ಇದ್ರೆ ಒಳಗೇ ಗ್ರಾಫಿಕ್ಸ್ ಇದೆ.

ಬಲೆ 5, ಪೆಂಟಿಯಂ, ಸೆಲೆರಾನ್. ಹತ್ತನೇ ತಲೆಮಾರು ಅಂತ ಕೇಳಿ ಖುಷಿ ಪಡಬೇಡಿ. ಆ ತಲೆಮಾರಲ್ಲೂ ಡೆಸ್ಕ್‌ಟಾಪ್ ಪೆಂಟಿಯಂಗೆ ಎವಿಎಕ್ಸ್2 ಕೊಟ್ಟಿರಲಿಲ್ಲ.

ಇಷ್ಟನ್ನೂ ನೆನಪಿಟ್ಕೊಳ್ಳೋದು ಕಷ್ಟ ಅಂದ್ರೆ ಒಂದೇ ಕೆಲಸ ಮಾಡಿ. ಪಾಸ್‌ಮಾರ್ಕ್ ಸೈಟಲ್ಲಿ ಆ ಪ್ರೊಸೆಸರ್ ಹೆಸರು ಹಾಕಿ, "ಸಿಂಗಲ್ ಥ್ರೆಡ್" ಅನ್ನೋ ಅಂಕಿ ನೋಡಿ. ಪಿಎಸ್2ಗೆ ನಾನು ಹಾಕ್ಕೊಂಡಿರೋ ಗೆರೆ 2000. ಅದಕ್ಕಿಂತ ಮೇಲೆ ಎಷ್ಟಿದ್ರೆ ಅಷ್ಟು ನೆಮ್ಮದಿ.

ಭಾಗ 5/10 | ನನ್ನ ಓಟು ಆಫೀಸ್ ಡಬ್ಬಕ್ಕೆ

ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೀಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಕಂಪನಿಗಳು ಕೆಲವು ವರ್ಷಕ್ಕೊಮ್ಮೆ ಇವನ್ನ ಸಗಟಾಗಿ ಬದಲಾಯಿಸ್ತವೆ. ಹಳೇವು ರೀಫರ್ಬಿಷ್ಡ್ ಅಂತ ಮಾರುಕಟ್ಟೆಗೆ ಬರ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇವು ಸಿಗೋದು ಗೊತ್ತೇ ಇದೆ. ನಿಮ್ಮೂರಲ್ಲೂ ಕಂಪ್ಯೂಟರ್ ರಿಪೇರಿ ಅಂಗಡೀಲಿ ವಿಚಾರಿಸಿ, ತರಿಸಿ ಕೊಡೋರು ಇರ್ತಾರೆ.

ಯಾವ ತಲೆಮಾರು? ಸಾಧ್ಯವಾದ್ರೆ ಎಂಟನೇದು ಅಥವಾ ಆಮೇಲಿನದು. ಉದಾಹರಣೆಗೆ ಐ5-8500: ಆರು ಕೋರ್, 4.1 ಗಿಗಾಹರ್ಟ್ಸ್‌ವರೆಗೆ ಓಡುತ್ತೆ. ಎಂಟೇ ಯಾಕೆ? ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 11 ಅಧಿಕೃತವಾಗಿ ಕೇಳೋದು ಇಂಟೆಲ್ ಎಂಟನೇ ತಲೆಮಾರಿಂದ ಮೇಲೆ. ಅಸೈನ್‌ಮೆಂಟ್, ಆನ್‌ಲೈನ್ ಪರೀಕ್ಷೆ, ತಂಗಿಯ ಕ್ಲಾಸು ಎಲ್ಲ ಇದೇ ಪಿಸೀಲಿ ಆಗಬೇಕು ಅಂದ್ರೆ ಅದು ಮುಖ್ಯ. ಬರೀ ಆಟಕ್ಕೆ, ಲಿನಕ್ಸ್ ಹಾಕ್ತೀನಿ ಅನ್ನೋರಿಗೆ ಆರನೇ ತಲೆಮಾರಿನ ಐ5-6500 ಕೂಡ ಪರವಾಗಿಲ್ಲ.

ಮೈಕಟ್ಟು ಮೂರು ಥರ. ಟವರ್, ಸಣ್ಣ ಎಸ್‌ಎಫ್‌ಎಫ್, ಪುಸ್ತಕದಷ್ಟೇ ಇರೋ ಮಿನಿ. ಟವರ್ ತಗೊಳ್ಳಿ ಅಂತೀನಿ. ಮುಂದೆ ಕಾರ್ಡ್ ಹಾಕೋಕೆ ಜಾಗ ಇರುತ್ತೆ. ಎಸ್‌ಎಫ್‌ಎಫ್‌ಗೆ ಗಿಡ್ಡ ಕಾರ್ಡ್ ಮಾತ್ರ ಹಿಡಿಯುತ್ತೆ, ಮಿನಿಗೆ ಸಾಮಾನ್ಯವಾಗಿ ಯಾವುದೂ ಇಲ್ಲ. ಇನ್ನೊಂದು ವಿಷಯ: ಈ ಕಂಪನಿಗಳ ಪವರ್ ಸಪ್ಲೈಗೆ ಹಲವು ಮಾಡೆಲ್‌ಗಳಲ್ಲಿ ಸ್ವಂತದ್ದೇ ಕನೆಕ್ಟರ್, ಅಂಗಡಿಯ ಸಾಮಾನ್ಯ ಪವರ್ ಸಪ್ಲೈ ಕೂರಲ್ಲ. ಹಾಗಾಗಿ ಕಾರ್ಡ್ ಹಾಕೋದಾದ್ರೆ ಬೇರೆ ವೈರ್ ಕೇಳದ, ಸ್ಲಾಟಿಂದಾನೇ 75 ವ್ಯಾಟ್ ಒಳಗೆ ಕರೆಂಟ್ ತಗೊಳ್ಳೋ ಕಾರ್ಡ್ ಮಾತ್ರ ಹುಡುಕಿ.

ಮೊದಲ ದಿನವೇ ಕಾರ್ಡ್ ಬೇಡ. ಐ5-8500 ಒಳಗಿರೋ ಗ್ರಾಫಿಕ್ಸಲ್ಲೇ ಬಹಳಷ್ಟು ಪಿಎಸ್2 ಆಟ ಮೂಲ ರೆಸಲ್ಯೂಷನ್‌ನಲ್ಲಿ ಓಡುತ್ತವೆ. ಆದ್ರೆ ರಾಮ್ ಒಂದೇ 8 ಜಿಬಿ ಕಡ್ಡಿ ಬದಲು ಎರಡು ಕಡ್ಡಿ ಇರಲಿ. ಒಳಗಿನ ಗ್ರಾಫಿಕ್ಸ್ ಅದೇ ರಾಮ್‌ನ ಹಂಚ್ಕೊಳ್ಳೋದು, ಎರಡು ಕಡ್ಡಿ ಅಂದ್ರೆ ಎರಡು ದಾರಿ. ಜೊತೆಗೆ ಒಂದು ಎಸ್‌ಎಸ್‌ಡಿ.

ಕೊನೇಗೆ ಇದರ ಒಂದು ಗುಟ್ಟಿನ ಲಾಭ: ಇಂಥ ಹಳೇ ಟವರ್‌ಗಳಲ್ಲಿ ಎಷ್ಟೋ ಸಲ ಡಿವಿಡಿ ಡ್ರೈವ್ ಇರುತ್ತೆ. ಅದು ಯಾಕೆ ಮುಖ್ಯ ಅಂತ ಭಾಗ 9ರಲ್ಲಿ.

ಭಾಗ 6/10 | ಅಂಗಡೀಲಿ ಹದಿನೈದು ನಿಮಿಷ

ಸೆಕೆಂಡ್‌ಹ್ಯಾಂಡ್ ಅಂದ್ರೆ ಮನೇಲಿ ಭಯ ಪಡ್ತಾರೆ, ಅದು ತಪ್ಪಲ್ಲ. ಭಯಕ್ಕೆ ಮದ್ದು ಪರೀಕ್ಷೆ. ಒಂದು ಪೆನ್‌ಡ್ರೈವ್‌ನಲ್ಲಿ ಸಿಪಿಯು-ಝೆಡ್ ಮತ್ತು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕ್ಕೊಂಡು ಹೋಗಿ. ಎರಡೂ ಉಚಿತ.

• ಪ್ರೊಸೆಸರ್ ಹೆಸರು ಸಿಪಿಯು-ಝೆಡ್‌ನಲ್ಲಿ ನೀವೇ ಓದಿ. ಹೊರಗಿನ ಸ್ಟಿಕ್ಕರ್ ಯಾರು ಬೇಕಾದ್ರೂ ಅಂಟಿಸಬಹುದು.
• ಡಿಸ್ಕ್ ಆರೋಗ್ಯ ಎಷ್ಟು ಪರ್ಸೆಂಟ್, ಎಷ್ಟು ಗಂಟೆ ಓಡಿದೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹೇಳುತ್ತೆ.
• ರೀಸ್ಟಾರ್ಟ್ ಮಾಡಿ ಬಯೋಸ್ ತೆಗೆಸಿ. ಪಾಸ್‌ವರ್ಡ್ ಕೇಳಿದ್ರೆ ತಗೋಬೇಡಿ. ಹಳೇ ಕಂಪನಿ ಹಾಕಿದ ಬೀಗ ಹಾಗೇ ಉಳಿದಿರುತ್ತೆ, ಆಮೇಲೆ ತೆಗೆಸೋದು ನಿಮ್ಮ ತಲೆನೋವು.
• ಡೆಲ್ ಆದ್ರೆ ಸರ್ವಿಸ್ ಟ್ಯಾಗ್ ಅನ್ನ ಅವರ ಸೈಟಲ್ಲಿ ಹಾಕಿ. ಆ ಯಂತ್ರ ಮೂಲತಃ ಏನಾಗಿತ್ತು, ಯಾವಾಗ ಹೊರಗೆ ಬಂತು ಗೊತ್ತಾಗುತ್ತೆ.
• ಹದಿನೈದು ನಿಮಿಷ ಏನಾದ್ರೂ ಭಾರದ ಕೆಲಸ ಓಡಿಸಿ ಫ್ಯಾನ್ ಸದ್ದು ಕೇಳಿ. ವಿಮಾನ ಹಾರಿದ ಹಾಗೆ ಅನಿಸಿದ್ರೆ ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ ಹಾಕಿ ಕೊಡೋಕೆ ಹೇಳಿ.
• ಎಲ್ಲಾ ಯುಎಸ್‌ಬಿ ತೂತಿಗೂ ಪೆನ್‌ಡ್ರೈವ್ ಚುಚ್ಚಿ ನೋಡಿ. ನಾಚ್ಕೋಬೇಡಿ, ದುಡ್ಡು ನಿಮ್ಮದು.
• ಬಿಲ್ ಬೇಕು. ವಾರಂಟಿ ಎಷ್ಟು ದಿನ ಅನ್ನೋದು ಬಿಲ್ ಮೇಲೆ ಬರೆದಿರಬೇಕು. "ಏನಾದ್ರೂ ಆದ್ರೆ ಬನ್ನಿ ನೋಡೋಣ" ಅನ್ನೋದು ವಾರಂಟಿ ಅಲ್ಲ.

ಇನ್ನೂ ಒಂದು ಉಪಾಯ ಇದೆ. ಬ್ಯಾಟೊಸೆರಾ ಅಂತ ಒಂದು ಉಚಿತ ಲಿನಕ್ಸ್ ಇದೆ, ಎಮ್ಯುಲೇಟರ್‌ಗಳನ್ನ ಒಳಗೇ ಇಟ್ಕೊಂಡು ಬರುತ್ತೆ. ಪೆನ್‌ಡ್ರೈವಿಂದಾನೇ ಬೂಟ್ ಆಗುತ್ತೆ, ಡಿಸ್ಕ್ ಮುಟ್ಟಲ್ಲ. ಅಂಗಡಿಯವರು ಒಪ್ಪಿದ್ರೆ ನಿಮ್ಮ ಆಟವನ್ನ ಅಲ್ಲೇ ಆಡಿ ನೋಡಬಹುದು. ಇದಕ್ಕಿಂತ ಒಳ್ಳೇ ರಿವ್ಯೂ ಯಾವ ಯೂಟ್ಯೂಬರ್ ಕೊಡ್ತಾನೆ?

ಭಾಗ 7/10 | ಕೈಗೆ ಸಿಗೋದೇ ಆಟ

ಜನ ಪಿಸಿಗೆ ಎಲ್ಲಾ ದುಡ್ಡು ಸುರಿದು, ಕಂಟ್ರೋಲರ್‌ಗೆ ಚಿಲ್ಲರೆ ಉಳಿಸ್ತಾರೆ. ನನ್ನ ಪ್ರಕಾರ ಇದೇ ದೊಡ್ಡ ತಪ್ಪು. ಇಡೀ ದಿನ ನಿಮ್ಮ ಬೆರಳು ಮುಟ್ಟೋದು ಪ್ರೊಸೆಸರ್‌ನಲ್ಲ.

2ಡಿ ಆಟಗಳಿಗೆ ಡಿ-ಪ್ಯಾಡ್ ಜೀವ. ಅಂಗಡೀಲಿ ಹೀಗೆ ಪರೀಕ್ಷಿಸಿ: ಯಾವುದಾದ್ರೂ ಬ್ಲಾಕ್ ಬೀಳೋ ಆಟದಲ್ಲಿ ಎಡ-ಬಲ ಬೇಗ ಬೇಗ ಒತ್ತಿ. ತಾನಾಗೇ ಕೆಳಗೂ ಒತ್ತಿದ ಹಾಗಾಗಿ ಬ್ಲಾಕ್ ಜಾರಿದ್ರೆ ಆ ಡಿ-ಪ್ಯಾಡ್ ಬೇಡ. ಆಮೇಲೆ ಫೈಟಿಂಗ್ ಆಟದಲ್ಲಿ ಕೆಳಗಿಂದ ಮುಂದಕ್ಕೆ ಕಾಲು ಚಕ್ರ ಸುತ್ತಿ ಗುದ್ದಿ. ಹತ್ತರಲ್ಲಿ ಎಂಟು ಸಲ ಬರಬೇಕು.

3ಡಿ ಆಟಗಳಿಗೆ ಸ್ಟಿಕ್ ಮುಖ್ಯ. ಕೈ ಬಿಟ್ಟರೂ ಪಾತ್ರ ತಾನೇ ನಡೆಯೋದಕ್ಕೆ ಡ್ರಿಫ್ಟ್ ಅಂತಾರೆ. "ಹಾಲ್ ಎಫೆಕ್ಟ್" ಸ್ಟಿಕ್ ಆಯಸ್ಕಾಂತದ ಮೇಲೆ ಕೆಲಸ ಮಾಡುತ್ತೆ, ಒಳಗೆ ಉಜ್ಜಿ ಸವೆಯೋ ಪಟ್ಟಿ ಇರಲ್ಲ. ಈಗ ಬಜೆಟ್ ಕಂಟ್ರೋಲರ್‌ಗಳಲ್ಲೂ ಸಿಗುತ್ತೆ, ಹುಡುಕಿ.

ವೈರ್ ಇರಲಿ. ಅಗ್ಗ, ತಡ ಕಮ್ಮಿ, ಚಾರ್ಜ್ ತಲೆನೋವಿಲ್ಲ. ಬ್ಲೂಟೂತ್ ಕಂಟ್ರೋಲರ್ ತಗೊಳ್ಳೋರು ನೆನಪಿಡಿ, ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಬ್ಲೂಟೂತ್ ಇರಲ್ಲ, ಡಾಂಗಲ್ ಬೇರೆ ಬೇಕಾಗುತ್ತೆ. ಪಿಎಸ್4 ಕಂಟ್ರೋಲರ್ ಇದ್ರೆ ಅದು ಕೇಬಲ್ ಹಾಕಿದ್ರೆ ಸಾಕು, ಹೊಸದು ಯಾಕೆ?

ಪಿಎಸ್2 ಆಡೋರಿಗೆ ಒಂದು ಸೂಕ್ಷ್ಮ. ಹಳೇ ಡ್ಯುಯಲ್‌ಶಾಕ್ 2ರ ಗುಂಡಿಗಳು ನೀವು ಎಷ್ಟು ಜೋರಾಗಿ ಒತ್ತಿದ್ರಿ ಅನ್ನೋದನ್ನೂ ಅಳೀತಿದ್ವು. ಈಗಿನ ಕಂಟ್ರೋಲರ್ ಗುಂಡಿಗೆ ಗೊತ್ತಿರೋದು ಒತ್ತಿದೆ, ಒತ್ತಿಲ್ಲ, ಎರಡೇ. ಮೆಟಲ್ ಗೇರ್ ಸಾಲಿಡ್ 3ರಂಥ ಆಟದಲ್ಲಿ ಮೆಲ್ಲಗೆ ಒತ್ತೋದಕ್ಕೂ ಜೋರಾಗಿ ಒತ್ತೋದಕ್ಕೂ ಎದುರಾಳಿಯ ಸಾವು-ಬದುಕಿನ ವ್ಯತ್ಯಾಸ ಇದೆ. ಪಿಸಿಎಸ್‌ಎಕ್ಸ್2 ಸೆಟ್ಟಿಂಗ್‌ನಲ್ಲಿ "ಪ್ರೆಷರ್ ಮಾಡಿಫೈಯರ್" ಅಂತ ಇದೆ, ಅದಕ್ಕೊಂದು ಗುಂಡಿ ಕೊಡಿ. ಅದನ್ನ ಹಿಡಿದು ಒತ್ತಿದ್ರೆ ಮೆಲ್ಲಗೆ ಒತ್ತಿದ ಲೆಕ್ಕ.

ಮುಸ್ತಫಾ ಪಾರ್ಟಿಗಳಿಗೆ: ನಿಮ್ಮ ಆಟಕ್ಕೆ ಬೇಕಾಗಿರೋದು ಹೊಡೆಯೋಕೊಂದು, ಹಾರೋಕೊಂದು, ಎರಡೇ ಗುಂಡಿ. ಒಂದು ದುಬಾರಿ ಕಂಟ್ರೋಲರ್ ಬದಲು ಎರಡು ಸಾಧಾರಣದ್ದು ತಗೊಳ್ಳಿ. ಜೊತೇಲಿ ಆಡೋರಿಲ್ಲದೆ ಆ ಆಟಕ್ಕೆ ಅರ್ಧ ಮಜಾನೇ ಇಲ್ಲ.

ಭಾಗ 8/10 | ಏನು ಬೇಡ, ಏನು ಬೇಕು

144 ಹರ್ಟ್ಸ್ ಮಾನಿಟರ್ ಬೇಡ. ಈ ಕನ್ಸೋಲ್ ಆಟಗಳು ಸೆಕೆಂಡಿಗೆ 60 ಅಥವಾ 50 ಚಿತ್ರಕ್ಕೇ ಕಟ್ಟಿಹಾಕಿರೋವು, ಕೆಲವು 30ಕ್ಕೆ. ಮಿಕ್ಕ ಹರ್ಟ್ಸ್‌ಗೆ ಕೊಟ್ಟ ದುಡ್ಡು ನೀರಲ್ಲಿ ಹೋಮ. ಸಾಧಾರಣ 60 ಹರ್ಟ್ಸ್ ಐಪಿಎಸ್ ಮಾನಿಟರ್, ಸೆಕೆಂಡ್‌ಹ್ಯಾಂಡೇ ಆದ್ರೂ ಸರಿ. ಮನೆ ಟಿವಿಗೆ ಹಚ್ಚೋದಾದ್ರೆ ಅದರ ಸೆಟ್ಟಿಂಗಲ್ಲಿ ಗೇಮ್ ಮೋಡ್ ಆನ್ ಮಾಡಿ. ಇಲ್ಲಾಂದ್ರೆ ಟಿವಿ ಚಿತ್ರವನ್ನ ತಿದ್ದಿ ತೀಡ್ತಾ ಕೂತು, ನೀವು ಒತ್ತಿದ ಮೇಲೆ ಮಾರಿಯೋ ಯೋಚನೆ ಮಾಡಿ ಹಾರ್ತಾನೆ.

ದಯವಿಟ್ಟು ಚಿತ್ರವನ್ನ ಪರದೆ ತುಂಬ ಎಳೀಬೇಡಿ. ಹಳೇ ಆಟಗಳ ಅಳತೆ 4:3. ಎಳೆದ್ರೆ ಎಲ್ಲರೂ ದಪ್ಪ ಕಾಣ್ತಾರೆ. ಅಕ್ಕಪಕ್ಕ ಕಪ್ಪು ಪಟ್ಟಿ ಇದ್ರೆ ಏನೂ ನಷ್ಟ ಇಲ್ಲ.

ಗೇಮಿಂಗ್ ಕುರ್ಚಿ, ಮಿಂಚೋ ಕೀಬೋರ್ಡ್, ಏಳು ಗುಂಡಿ ಮೌಸ್? ಕೂಸು ಹುಟ್ಟೋಕೆ ಮುಂಚೆ ಕುಲಾವಿ.

ಬದಲಿಗೆ ನಾನು ಒಂದು ಸಣ್ಣ ಯುಪಿಎಸ್ ತಗೊಳ್ಳಿ ಅಂತೀನಿ. ಇದರ ಫೋಟೋ ಹಾಕಿದ್ರೆ ಯಾರೂ ಲೈಕ್ ಕೊಡಲ್ಲ. ಆದ್ರೆ ಪಿಎಸ್2 ಎಮ್ಯುಲೇಟರ್‌ನಲ್ಲಿ ಮೆಮೊರಿ ಕಾರ್ಡ್ ಅನ್ನೋದು ಡಿಸ್ಕ್ ಮೇಲಿರೋ ಒಂದು ಫೈಲ್. ಸೇವ್ ಆಗ್ತಿರೋ ಹೊತ್ತಿಗೇ ಕರೆಂಟ್ ಹೋದ್ರೆ ಆ ಫೈಲೇ ಕೆಡಬಹುದು. ನಲವತ್ತು ಗಂಟೆ ಆಡಿದ್ದು ಒಂದು ಸೆಕೆಂಡಲ್ಲಿ ಹೋಗುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ನಂಬಿಕಸ್ತ ಅಂತ ನಾನು ಹೇಳ್ಬೇಕಾಗಿಲ್ಲ. ಪ್ರಾಜೆಕ್ಟ್ ರಿಪೋರ್ಟಿಗೂ ಇದೇ ಯುಪಿಎಸ್ ಕಾವಲು. ಮೆಮೊರಿ ಕಾರ್ಡ್ ಫೈಲನ್ನ ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಕಾಪಿ ಮಾಡೋಕೆ ದುಡ್ಡೇ ಬೇಡ.

ಬೆಲೆ ವಾರವಾರ ಏರಿಳಿಯುತ್ತೆ, ಅದಕ್ಕೆ ರೂಪಾಯಿ ಲೆಕ್ಕ ಬಿಟ್ಟು ಪಾಲು ಹೇಳ್ತೀನಿ. ನಿಮ್ಮ ಹತ್ರ ನೂರು ರೂಪಾಯಿ ಇದೆ ಅಂದ್ಕೊಳ್ಳಿ. 55 ಪಿಸಿಗೆ, 20 ಮಾನಿಟರ್‌ಗೆ, 15 ಕಂಟ್ರೋಲರ್‌ಗೆ, 10 ಯುಪಿಎಸ್‌ಗೆ. ಟಿವಿ ಇದ್ರೆ ಆ 20 ಉಳೀತು. ಉಳಿದದ್ದನ್ನ ಮನೇಲಿ ವಾಪಸ್ ಕೊಡಿ. ಮುಂದಿನ ಸಲ ಕೇಳೋವಾಗ ಅದೇ ನಿಮ್ಮ ಶಿಫಾರಸು ಪತ್ರ.

ಭಾಗ 9/10 | ಆಟ ಎಲ್ಲಿಂದ ಬರುತ್ತೆ?

ಈ ಭಾಗ ಸ್ಕಿಪ್ ಮಾಡಬೇಡಿ.

ಎಮ್ಯುಲೇಟರ್ ತಂತ್ರಾಂಶ ಉಚಿತ. ಪಿಸಿಎಸ್‌ಎಕ್ಸ್2, ಡಾಲ್ಫಿನ್, ಡಕ್‌ಸ್ಟೇಷನ್, ರೆಟ್ರೋಆರ್ಚ್ ಯಾವುದಕ್ಕೂ ಒಂದು ಪೈಸೆ ಬೇಡ. ಅಧಿಕೃತ ಸೈಟಿಂದ ಮಾತ್ರ ಇಳಿಸ್ಕೊಳ್ಳಿ. "10,000 ಗೇಮ್ಸ್ ತುಂಬಿದ ಹಾರ್ಡ್‌ಡಿಸ್ಕ್" ಮಾರೋರಿಂದ ದೂರ ಇರಿ. ಬೇರೆಯವರ ಕೆಲಸವನ್ನ ಕಾಪಿ ಮಾಡಿ ನಿಮಗೆ ಮಾರ್ತಿದಾರೆ, ಜೊತೆಗೆ ಯಾವ ವೈರಸ್ ಉಚಿತ ಅಂತ ಗೊತ್ತಿಲ್ಲ.

ಕಾನೂನು ಏನನ್ನುತ್ತೆ? ಅಮೆರಿಕದಲ್ಲಿ 2000ನೇ ಇಸವಿಯ ಸೋನಿ-ಕನೆಕ್ಟಿಕ್ಸ್ ಮೊಕದ್ದಮೆಯಲ್ಲಿ, ಎಮ್ಯುಲೇಟರ್ ಬರೆಯೋಕೆ ಅಂತ ಕನ್ಸೋಲ್ ತಂತ್ರಾಂಶವನ್ನ ಬಿಡಿಸಿ ನೋಡಿದ್ದು ತಪ್ಪಲ್ಲ ಅಂತ ಮೇಲ್ಮನವಿ ನ್ಯಾಯಾಲಯ ಹೇಳಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂನಲ್ಲಿ, ಕಾನೂನುಬದ್ಧವಾಗಿ ಕೈಲಿರೋ ತಂತ್ರಾಂಶ ಕಳೆದು ಹಾಳಾಗದಿರಲಿ ಅಂತ ಬ್ಯಾಕಪ್ ಮಾಡ್ಕೊಳ್ಳೋಕೆ ಅವಕಾಶ ಇದೆ. ನೆಟ್ಟಲ್ಲಿ ಸಿಕ್ಕಿದ್ದನ್ನ ಇಳಿಸ್ಕೊಳ್ಳೋಕೆ ಅಲ್ಲ. ಸ್ವಿಚ್‌ನಂಥ ಈಗಿನ ಕನ್ಸೋಲ್ ವಿಷಯದಲ್ಲಂತೂ ನಿಂಟೆಂಡೊ ಬಿಡಲ್ಲ. ಯೂಝು ಎಮ್ಯುಲೇಟರ್ ತಂಡ 2024ರಲ್ಲಿ 24 ಲಕ್ಷ ಡಾಲರ್ ಕೊಡೋಕೆ ಒಪ್ಪಿ ಬಾಗಿಲು ಹಾಕ್ತು. ಅಂಗಡೀಲಿ ಇನ್ನೂ ಸಿಗೋ ಆಟವನ್ನ ದುಡ್ಡು ಕೊಟ್ಟು ಆಡಿ.

ಹಾಗಾದ್ರೆ ದಾರಿ? ಇಲ್ಲಿ ಬರುತ್ತೆ ನಮ್ಮ ಡಿವಿಡಿ ಡ್ರೈವ್. ಪಿಎಸ್1, ಪಿಎಸ್2 ಡಿಸ್ಕ್‌ಗಳನ್ನ ಪಿಸಿಯ ಸಾಧಾರಣ ಡ್ರೈವ್ ಓದುತ್ತೆ. ಅಣ್ಣನ, ಮಾವನ ಹಳೇ ಒರಿಜಿನಲ್ ಡಿಸ್ಕ್ ಅಟ್ಟದ ಮೇಲಿದ್ರೆ ಇಳಿಸಿ, ಒರೆಸಿ, ಇಮೇಜ್ ಮಾಡಿ. ಪಿಎಸ್2ಗೆ ಬಯೋಸ್ ಫೈಲೂ ಬೇಕು, ಅದನ್ನೂ ಸ್ವಂತ ಕನ್ಸೋಲಿಂದಾನೇ ತೆಗೀಬೇಕು. ಡಿಸ್ಕ್ ಗೀರು ಬಿದ್ದು ಸಾಯೋಕೆ ಮುಂಚೆ ಈ ಕೆಲಸ ಮಾಡೋದು ಒಂದು ರೀತೀಲಿ ದಾಖಲೆ ಉಳಿಸೋ ಕೆಲಸ.

ಯಾಕೆ ಅಂದ್ರೆ ಇವು ನಿಜವಾಗಲೂ ಮಾಯ ಆಗ್ತಿವೆ. 2010ಕ್ಕಿಂತ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟಕ್ಕೇ ಇಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ನಮ್ಮ ದೇಶದ್ದೇ ನೋಡಿ: 2009ರಲ್ಲಿ ಹೈದರಾಬಾದಿನ ಅರೋನಾ ಟೆಕ್ನಾಲಜೀಸ್ ಪಿಎಸ್2ಗೆ "ಹನುಮಾನ್: ಬಾಯ್ ವಾರಿಯರ್" ಮಾಡಿತು. ಭಾರತದಲ್ಲೇ ತಯಾರಾದ ಕನ್ಸೋಲ್ ಆಟ. ನಿಮ್ಮಲ್ಲಿ ಎಷ್ಟು ಜನ ಅದರ ಹೆಸರು ಕೇಳಿದೀರಿ?

ಡಿಸ್ಕ್ ಒಂದೂ ಇಲ್ಲದವರಿಗೆ ಹೋಂಬ್ರೂ ಇದೆ: ಹಳೇ ಕನ್ಸೋಲ್‌ಗಳಿಗೆ ಜನ ಇವತ್ತೂ ಹೊಸ ಆಟ ಬರೀತಿದಾರೆ. ಮೈಕ್ರೋ ಮೇಜಸ್ ಅಂತ 2019ರದು, ಎನ್‌ಇಎಸ್‌ಗೆ, ಕಾಸು ಕೊಟ್ಟು ರಾಜಾರೋಷವಾಗಿ ಆಡಬಹುದು. ಜಿಬಿ ಸ್ಟುಡಿಯೋ ಅನ್ನೋ ಉಚಿತ ತಂತ್ರಾಂಶದಲ್ಲಿ ನೀವೇ ಗೇಮ್ ಬಾಯ್ ಆಟ ಮಾಡಬಹುದು. 8×8 ಚುಕ್ಕಿಯ ಚೌಕದಲ್ಲಿ "ಕ್ಷ್ಮಿ" ಬರೆಯೋಕೆ ಆಗುತ್ತಾ ಅಂತ ಪ್ರಯತ್ನ ಮಾಡಿ. ತಮಾಷೆ ಗೊತ್ತಾಗುತ್ತೆ.

ಭಾಗ 10/10 | "ಆದ್ರೆ..." ಅನ್ನೋರಿಗೆ

"ನಾನು ವ್ಯಾಲೊರಂಟೂ ಆಡ್ತೀನಿ, ಹೊಸ ಆಟಾನೂ ಬೇಕು." ಸರಿ. ಆಗ ನಿಮ್ಮ ಲೆಕ್ಕ ಬೇರೆ. ಇಷ್ಟು ಹೊತ್ತು ಹೇಳಿದ್ದು ಎಮ್ಯುಲೇಟರ್‌ಗೆ. ಹೊಸ ಭಾರದ ಪಿಸಿ ಆಟಗಳಿಗೆ ಗ್ರಾಫಿಕ್ಸ್ ಕಾರ್ಡೇ ಮುಖ್ಯ. ಅವರು ಎಂಟನೇ ತಲೆಮಾರಿನ ಟವರ್ ತಗೊಂಡು, ವರ್ಷ ಬಿಟ್ಟು ಕಾರ್ಡ್ ಹಾಕ್ಕೊಳ್ಳಿ. ಇಲ್ಲಾ ಸ್ವಲ್ಪ ಕಾದು ದುಡ್ಡು ಕೂಡಿಸಿ, ಒಳಗೇ ಒಳ್ಳೇ ಗ್ರಾಫಿಕ್ಸ್ ಇರೋ ರೈಝನ್ 5 5600ಜಿ ಥರದ್ದರಿಂದ ಶುರು ಮಾಡಿ. ಅವಸರದಲ್ಲಿ ಜಿಟಿ 730 ಡಬ್ಬ ಮಾತ್ರ ಬೇಡ. ಅದು ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ.

"ಹಳೇ ಡಬ್ಬ ರೂಮಲ್ಲಿಟ್ರೆ ಫ್ರೆಂಡ್ಸ್ ನಗ್ತಾರೆ." ನಗ್ಲಿ. ಎರಡನೇ ಕಂಟ್ರೋಲರ್ ಕೈಗೆ ಕೊಡಿ, ಐದು ನಿಮಿಷದಲ್ಲಿ ಡಬ್ಬ ಯಾರ ಕಣ್ಣಿಗೂ ಬೀಳಲ್ಲ.

"ಹೊಸದಕ್ಕೆ ವಾರಂಟಿ ಇರುತ್ತಲ್ಲ." ಇರುತ್ತೆ, ಇದು ನ್ಯಾಯವಾದ ಮಾತು. ಪರೀಕ್ಷೆ ಮಾಡೋಕೆ ಧೈರ್ಯ ಇಲ್ಲ, ಜೊತೆಗೆ ಬರೋರೂ ಇಲ್ಲ ಅಂದ್ರೆ ಹೊಸದೇ ತಗೊಳ್ಳಿ: ಐ3-12100, ಎಫ್ ಇಲ್ಲದ್ದು, ಎರಡು ರಾಮ್ ಕಡ್ಡಿ, ಎಸ್‌ಎಸ್‌ಡಿ, ಒಳ್ಳೇ ಕಂಪನಿಯ ಪವರ್ ಸಪ್ಲೈ, ಲೈಟಿಲ್ಲದ ಕ್ಯಾಬಿನೆಟ್. ಸ್ವಲ್ಪ ಜಾಸ್ತಿ ಆಗುತ್ತೆ, ಮೋಸ ಆಗಲ್ಲ.

ನನ್ನ ವಾದ ಇಷ್ಟೇ. "ಗೇಮಿಂಗ್" ಅನ್ನೋ ಪದ ಒಂದು ಗುಣ ಅಲ್ಲ, ಒಂದು ಬೆಲೆಪಟ್ಟಿ. 2000ನೇ ಇಸವಿಯ ಯಂತ್ರದ ಆಟ ಆಡೋಕೆ ಇವತ್ತಿನ ಬೆಲೆ ಯಾಕೆ ತೆರಬೇಕು? ಆ ಪಿಎಸ್2ನಲ್ಲಿ ಇದ್ದಿದ್ದು 32 ಎಂಬಿ ರಾಮ್, ಸುಮಾರು 295 ಮೆಗಾಹರ್ಟ್ಸ್ ಪ್ರೊಸೆಸರ್. ಅಷ್ಟರಲ್ಲೇ ಮಾಡಿದ ಆಟಗಳನ್ನ ಜನ ಇನ್ನೂ ಮರೆತಿಲ್ಲ. ಕಮ್ಮಿ ಇದ್ದಾಗ ತಲೆ ಓಡಿಸಬೇಕು ಅನ್ನೋದನ್ನ ಆ ಆಟಗಳೇ ಹೇಳ್ತವೆ. ಅವನ್ನ ಆಡೋ ನಾವೂ ಅಷ್ಟು ಮಾಡಬಹುದು.

ಈಗ ನಿಮ್ಮ ಸರದಿ. ಕಮೆಂಟಲ್ಲಿ ಮೂರೇ ವಿಷಯ ಬರೀರಿ: ನಿಮ್ಮ ಮೂರು ಆಟ, ಮನೇಲಿ ಈಗಿರೋ ಕಂಪ್ಯೂಟರ್‌ನ ಪ್ರೊಸೆಸರ್ ಪೂರ್ತಿ ಹೆಸರು, ಬಜೆಟ್. ಏನೂ ಕೊಳ್ಳೋದು ಬೇಡ ಅನ್ನೋ ಉತ್ತರಕ್ಕೂ ರೆಡಿ ಇರಿ. ಅಂಗಡಿಗೆ ಹೊರಟಿರೋ ಫ್ರೆಂಡ್ ಯಾರಾದ್ರೂ ಇದ್ರೆ ಅಡ್ವಾನ್ಸ್ ಕೊಡೋಕೆ ಮುಂಚೆ ಭಾಗ 4 ಕಳಿಸಿ.

#ಮೊದಲುಆಟಆಮೇಲೆಪಿಸಿ #ಕನ್ನಡಗೇಮಿಂಗ್ #ಎಮ್ಯುಲೇಟರ್ #ಬಜೆಟ್‌ಪಿಸಿ